ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯಗಳು: ಗುರುತಿಸುವುದು, ಕೂಡಿಸುವುದು, ಬೆಲೆ ಕಟ್ಟುವುದು

ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯವೊಂದು ಕೈಗೆ ಬಂದ ಕೂಡಲೇ ‘ಇದಕ್ಕೆಷ್ಟು ಸಿಗಬಹುದು?’ ಎಂದು ಕೇಳುವುದು ಸಹಜ. ಆ ಪ್ರಶ್ನೆಗೆ ಎರಡು ಉತ್ತರಗಳಿವೆ. ನಾಣ್ಯದೊಳಗಿನ ಬೆಳ್ಳಿಯ ಬೆಲೆ ಒಂದು, ನಾಣ್ಯವೆಂಬ ಕಾರಣಕ್ಕೆ ಅದಕ್ಕಿರುವ ಬೆಲೆ ಇನ್ನೊಂದು. ಮೊದಲನೆಯದು ಪೇಟೆಯ ದರದೊಂದಿಗೆ ದಿನವೂ ಏರಿಳಿಯುತ್ತದೆ. ತಕ್ಕಡಿಯಿದ್ದವರು ಯಾರು ಬೇಕಾದರೂ ಅದನ್ನು ಐದು ನಿಮಿಷದಲ್ಲಿ ಲೆಕ್ಕ ಹಾಕಬಹುದು. ಎರಡನೆಯದು ಇಸವಿ, ಟಂಕಸಾಲೆ, ಸವೆತ, ಹೊಳಪುಗಳನ್ನು ಓದಲು ಕಲಿತವರಿಗೆ ಮಾತ್ರ ಕಾಣುತ್ತದೆ. ಹೊಸದಾಗಿ ಸಂಗ್ರಹಕ್ಕಿಳಿದವರು ಹಣ ಕಳೆದುಕೊಳ್ಳುವುದು ಬಹುಮಟ್ಟಿಗೆ ಈ ಎರಡನ್ನೂ ಕಲಸಿಕೊಂಡಾಗಲೇ. ಆದ್ದರಿಂದ ಮುಂದಿನ ಹೆಜ್ಜೆಗಳಲ್ಲಿ ಇವೆರಡನ್ನೂ ಕೊನೆಯವರೆಗೆ ಬೇರೆ ಬೇರೆಯಾಗಿಯೇ ಇಟ್ಟುಕೊಂಡು ಹೋಗಿದ್ದೇನೆ.

ಮೊದಲ ಹೆಜ್ಜೆ: ಬೆಳ್ಳಿಯೋ ಅಲ್ಲವೋ ನೋಡುವುದು

ಅಮೆರಿಕದ ನಾಣ್ಯ ಪದ್ಧತಿಗೆ ತಳಹದಿ ಹಾಕಿದ್ದು 1792ರ ನಾಣ್ಯ ಕಾಯಿದೆ. ಆರಂಭದ ಡಾಲರುಗಳಲ್ಲಿ ಬೆಳ್ಳಿಯ ಪಾಲು ಶೇಕಡಾ 89ರ ಆಸುಪಾಸಿನಲ್ಲಿತ್ತು. 1837ರಲ್ಲಿ ಅದನ್ನು ಶೇಕಡಾ 90ಕ್ಕೆ ನಿಗದಿಗೊಳಿಸಿದರು, ಉಳಿದ 10 ಪಾಲು ತಾಮ್ರ. ಚಲಾವಣೆಯ ಹತ್ತು ಸೆಂಟಿನ ಡೈಮ್, ಇಪ್ಪತ್ತೈದು ಸೆಂಟಿನ ಕ್ವಾರ್ಟರ್ ಮತ್ತು ಅರ್ಧ ಡಾಲರ್ ನಾಣ್ಯಗಳಲ್ಲಿ ಈ ಪ್ರಮಾಣ 1964ರ ಇಸವಿಯವರೆಗೆ ಉಳಿಯಿತು. ಬೆಳ್ಳಿಯ ಬೆಲೆ ಏರಿ ಜನ ನಾಣ್ಯಗಳನ್ನು ಕೂಡಿಡತೊಡಗಿದಾಗ, ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈಯಲ್ಲಿ ಸಹಿ ಮಾಡಿದ ಕಾಯಿದೆ ಡೈಮ್ ಮತ್ತು ಕ್ವಾರ್ಟರ್‌ಗಳಿಂದ ಬೆಳ್ಳಿಯನ್ನು ಪೂರ್ತಿಯಾಗಿ ತೆಗೆಯಿತು. ಅಧ್ಯಕ್ಷ ಕೆನಡಿಯ ಮುಖವಿರುವ ಅರ್ಧ ಡಾಲರಿನಲ್ಲಿ ಮಾತ್ರ 1965ರಿಂದ 1970ರವರೆಗೆ ಶೇಕಡಾ 40ರಷ್ಟು ಬೆಳ್ಳಿ ಉಳಿದುಕೊಂಡಿತು.

ಹೀಗಾಗಿ ಡೈಮ್, ಕ್ವಾರ್ಟರ್ ಅಥವಾ ಅರ್ಧ ಡಾಲರಿನ ಮೇಲೆ 1964 ಅಥವಾ ಅದಕ್ಕಿಂತ ಹಿಂದಿನ ಇಸವಿಯಿದ್ದರೆ ಅದು ಬೆಳ್ಳಿಯದು. ಇಸವಿ ಓದಲಾಗದಿದ್ದರೆ ಅಂಚನ್ನು ನೋಡಿ: ಬೆಳ್ಳಿ ನಾಣ್ಯದ ಅಂಚು ಒಂದೇ ಬಣ್ಣದ್ದಾಗಿರುತ್ತದೆ, ಈಚಿನ ನಾಣ್ಯದ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಎದ್ದು ಕಾಣುತ್ತದೆ. ಐದು ಸೆಂಟಿನ ನಿಕಲ್ ನಾಣ್ಯದಲ್ಲಿ ಸಾಮಾನ್ಯವಾಗಿ ಬೆಳ್ಳಿಯಿರುವುದಿಲ್ಲ. ಆದರೆ ಎರಡನೇ ಮಹಾಯುದ್ಧಕ್ಕೆ ನಿಕಲ್ ಲೋಹ ಬೇಕಾಗಿದ್ದರಿಂದ 1942ರಿಂದ 1945ರವರೆಗೆ ಶೇಕಡಾ 35 ಬೆಳ್ಳಿ ಬೆರೆಸಿ ಐದು ಸೆಂಟಿನ ನಾಣ್ಯ ಅಚ್ಚುಹಾಕಿದರು. ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಅಕ್ಷರವಿದ್ದರೆ ಅದು ಆ ಯುದ್ಧಕಾಲದ ನಾಣ್ಯ.

ಎರಡನೆಯ ಹೆಜ್ಜೆ: ಬೆಳ್ಳಿಯ ಲೆಕ್ಕ

ಭಾರತದಲ್ಲಿ ಬೆಳ್ಳಿಯನ್ನು ಗ್ರಾಂ, ಕಿಲೋ ಲೆಕ್ಕದಲ್ಲಿ, ಅಮೆರಿಕದಲ್ಲಿ 31.1 ಗ್ರಾಮಿನ ಟ್ರಾಯ್ ಔನ್ಸ್ ಲೆಕ್ಕದಲ್ಲಿ ಮಾರುತ್ತಾರೆ. ಗ್ರಾಮಿನಲ್ಲಿ ನೆನಪಿಟ್ಟುಕೊಳ್ಳುವುದು ನಮಗೆ ಸುಲಭ. ಬೆಳ್ಳಿ ಡಾಲರಿನ ತೂಕ 26.73 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ ಸುಮಾರು 24.06 ಗ್ರಾಂ. 1873ರಿಂದೀಚೆಗೆ ಅರ್ಧ ಡಾಲರ್ 12.5 ಗ್ರಾಂ, ಕ್ವಾರ್ಟರ್ 6.25 ಗ್ರಾಂ, ಡೈಮ್ 2.5 ಗ್ರಾಂ ತೂಗುತ್ತವೆ; ಇವುಗಳಲ್ಲಿ ಕ್ರಮವಾಗಿ 11.25, 5.625 ಮತ್ತು 2.25 ಗ್ರಾಂ ಬೆಳ್ಳಿಯಿದೆ. ಶೇಕಡಾ 40ರ ಕೆನಡಿ ನಾಣ್ಯದಲ್ಲಿ 4.6 ಗ್ರಾಂ, ಯುದ್ಧಕಾಲದ ಐದು ಸೆಂಟಿನಲ್ಲಿ 1.75 ಗ್ರಾಂ.

ಲೆಕ್ಕದ ಅನುಕೂಲಕ್ಕೆ ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ, ಅಂದರೆ ಗ್ರಾಮಿಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ಡಾಲರಿನ ಲೋಹದ ಬೆಲೆ 2,406 ರೂಪಾಯಿ, ಅರ್ಧ ಡಾಲರಿನದು 1,125, ಡೈಮಿನದು 225. ಅಂದಿನ ದರ ಎಷ್ಟಿದೆಯೋ ಆ ಪ್ರಮಾಣದಲ್ಲಿ ಇದನ್ನು ಹೆಚ್ಚಿಸಿ ಅಥವಾ ತಗ್ಗಿಸಿಕೊಂಡರಾಯಿತು. ಹತ್ತು ಡೈಮ್, ನಾಲ್ಕು ಕ್ವಾರ್ಟರ್, ಎರಡು ಅರ್ಧ, ಹೇಗೆ ಕೂಡಿಸಿದರೂ ಒಂದು ಡಾಲರ್ ಮುಖಬೆಲೆಗೆ ಬೆಳ್ಳಿ 22.5 ಗ್ರಾಮೇ. ಆದರೆ ಚಲಾವಣೆಯಲ್ಲಿ ಸವೆದ ನಾಣ್ಯಗಳಿಗೆ ವ್ಯಾಪಾರಿಗಳು ಡಾಲರ್ ಮುಖಬೆಲೆಗೆ 0.715 ಟ್ರಾಯ್ ಔನ್ಸ್, ಅಂದರೆ ಸುಮಾರು 22.24 ಗ್ರಾಂ ಎಂದು ಹಿಡಿಯುತ್ತಾರೆ. ಇದು ಮೋಸವಲ್ಲ, ಸವೆತಕ್ಕೆ ಬಿಟ್ಟುಕೊಟ್ಟ ಪಾಲು.

ಈ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಇದು ನಾಣ್ಯದ ನೆಲಮಟ್ಟ. ಮುಂದಿನದೆಲ್ಲ ಈ ನೆಲದ ಮೇಲೆ ಎಷ್ಟು ಅಂತಸ್ತು ಏಳುತ್ತದೆ ಎಂಬ ವಿಚಾರ.

ಮೂರನೆಯ ಹೆಜ್ಜೆ: ಇಸವಿ ಮತ್ತು ಟಂಕಸಾಲೆಯ ಗುರುತು

ಸಂಗ್ರಹಕಾರರು ಅತಿ ಹೆಚ್ಚು ಕೂಡಿಸುವ ಬೆಳ್ಳಿ ಡಾಲರ್ ಎಂದರೆ ಜಾರ್ಜ್ ಮಾರ್ಗನ್ ವಿನ್ಯಾಸಗೊಳಿಸಿದ, 1878ರಿಂದ 1904ರವರೆಗೆ ಮತ್ತು ಮತ್ತೆ 1921ರಲ್ಲಿ ಹೊರಬಂದ ಮಾರ್ಗನ್ ಡಾಲರ್. ಅದರ ನಂತರದ್ದು ಆಂಟನಿ ಡಿ ಫ್ರಾನ್ಸಿಸಿಯ ಪೀಸ್ ಡಾಲರ್; ಅದು 1921ರಿಂದ 1928ರವರೆಗೆ, ಆಮೇಲೆ 1934 ಮತ್ತು 1935ರಲ್ಲಿ ಚಲಾವಣೆಗೆ ಬಂತು. ಚಿಕ್ಕ ನಾಣ್ಯಗಳಲ್ಲಿ 1892ರಲ್ಲಿ ಆರಂಭವಾದ ಬಾರ್ಬರ್ ಸರಣಿ, 1916ರಿಂದ 1945ರವರೆಗಿನ ಮರ್ಕ್ಯುರಿ ಡೈಮ್, 1916ರಿಂದ 1947ರವರೆಗಿನ ವಾಕಿಂಗ್ ಲಿಬರ್ಟಿ ಅರ್ಧ ಡಾಲರ್, 1932ರಲ್ಲಿ ಬಂದ ವಾಷಿಂಗ್ಟನ್ ಕ್ವಾರ್ಟರ್ ಇವು ಮುಖ್ಯ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗದೆ ಒಂದು ಸರಣಿಯನ್ನು ಆರಿಸಿಕೊಳ್ಳುವುದು ಮೇಲು. ಉಳಿದ ವಿವರಣೆಗೂ ಮಾರ್ಗನ್ ಡಾಲರನ್ನೇ ಮುಖ್ಯ ಉದಾಹರಣೆಯಾಗಿ ಬಳಸುತ್ತೇನೆ. ಗಾತ್ರ ದೊಡ್ಡದಾದ್ದರಿಂದ ಕಣ್ಣಿಗೆ ಅಭ್ಯಾಸವಾಗಲು ಅದಕ್ಕಿಂತ ಒಳ್ಳೆಯ ನಾಣ್ಯವಿಲ್ಲ.

ಮಾರ್ಗನ್ ಡಾಲರಿನ ಹಿಂಬದಿಯನ್ನು ತಿರುಗಿಸಿ, ಹದ್ದಿನ ಸುತ್ತಲಿನ ಎಲೆಮಾಲೆಯ ಗಂಟಿನ ಕೆಳಗೆ, ಡಾಲರ್ ಎಂಬ ಪದದ ಮೊದಲೆರಡು ಅಕ್ಷರಗಳ ಮೇಲೆ ಭೂತಗನ್ನಡಿ ಹಿಡಿಯಿರಿ. ಅಲ್ಲಿ ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ಓ ಎಂದಿದ್ದರೆ ನ್ಯೂ ಆರ್ಲಿಯನ್ಸ್, ಎಸ್ ಎಂದಿದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ಡಿ ಎಂದಿದ್ದರೆ ಡೆನ್ವರ್ (ಈ ಸರಣಿಯಲ್ಲಿ 1921ರಲ್ಲಿ ಮಾತ್ರ). ಸಿಸಿ ಎಂಬ ಜೋಡಿ ಅಕ್ಷರವಿದ್ದರೆ ಅದು ನೆವಾಡಾದ ಕಾರ್ಸನ್ ಸಿಟಿಯದು. ಬೆಳ್ಳಿ ಗಣಿಗಳ ಮಗ್ಗುಲಲ್ಲೇ ನಡೆದ ಆ ಟಂಕಸಾಲೆಯ ನಾಣ್ಯಕ್ಕೆ ಇಂದಿಗೂ ವಿಶೇಷ ಬೇಡಿಕೆಯಿದೆ.

ಈ ಒಂದು ಅಕ್ಷರದ ಬೆಲೆ ಎಷ್ಟೆಂಬುದಕ್ಕೆ 1916ರ ಮರ್ಕ್ಯುರಿ ಡೈಮನ್ನು ನೋಡಿ. ಡಿ ಗುರುತಿನವು ಅಚ್ಚಾಗಿದ್ದು 2,64,000 ಮಾತ್ರ. ಗುರುತಿಲ್ಲದ ಅದೇ ವರ್ಷದ ಡೈಮನ್ನು ಸವೆದ ಸ್ಥಿತಿಯಲ್ಲಿ ಬೆಳ್ಳಿಯ ಬೆಲೆಗಿಂತ ಕೊಂಚ ಹೆಚ್ಚು ಕೊಟ್ಟು ತರಬಹುದು. ಡಿ ಇರುವುದಕ್ಕೆ ಅದೇ ಸವಕಲು ಸ್ಥಿತಿಯಲ್ಲೂ ನೂರಾರು ಡಾಲರ್ ತೆರಬೇಕು.

ನಾಲ್ಕನೆಯ ಹೆಜ್ಜೆ: ಅಚ್ಚಾದದ್ದೆಷ್ಟು, ಉಳಿದದ್ದೆಷ್ಟು

ಅಚ್ಚಾದ ಸಂಖ್ಯೆಯ ಪಟ್ಟಿ ನೋಡಿ ಅಪರೂಪತೆಯನ್ನು ತೀರ್ಮಾನಿಸುವುದು ಬೆಳ್ಳಿ ಡಾಲರುಗಳ ಮಟ್ಟಿಗೆ ದೊಡ್ಡ ತಪ್ಪು. ಇದಕ್ಕೆ ಕಾರಣ ಹುಡುಕಿಕೊಂಡು ಹೋದರೆ ನಾವು ಭಾರತಕ್ಕೇ ಬಂದು ನಿಲ್ಲುತ್ತೇವೆ.

ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಬೆಳ್ಳಿ ರೂಪಾಯಿಗೆ ತೀವ್ರ ಕೊರತೆ ಬಿತ್ತು. ಒಂದು ರೂಪಾಯಿಯ ಕಾಗದದ ನೋಟನ್ನು 1917ರಲ್ಲಿ ತಂದರೂ ಜನರಿಗೆ ಕಾಗದದ ಮೇಲೆ ನಂಬಿಕೆ ಬರಲಿಲ್ಲ. ನೋಟು ಕೊಟ್ಟು ಬೆಳ್ಳಿ ಪಡೆಯಲು ಮುಗಿಬಿದ್ದರು. ಬ್ರಿಟನ್ ಅಮೆರಿಕದ ನೆರವು ಕೇಳಿತು. 1918ರ ಏಪ್ರಿಲ್‌ನಲ್ಲಿ ಅಂಗೀಕಾರವಾದ ಪಿಟ್‌ಮನ್ ಕಾಯಿದೆಯಡಿ ಅಮೆರಿಕದ ಖಜಾನೆ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು, ಅದರ ಬಹುಪಾಲು ಗಟ್ಟಿಯಾಗಿ ಭಾರತಕ್ಕೆ ಬಂದು ರೂಪಾಯಿಗಳಾಯಿತು. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಐದನೆಯ ಜಾರ್ಜ್‌ನ 1918 ಅಥವಾ 1919ರ ರೂಪಾಯಿಯಿದ್ದರೆ ಅದರ ಬೆಳ್ಳಿ ಒಂದು ಕಾಲಕ್ಕೆ ಮಾರ್ಗನ್ ಡಾಲರ್ ಆಗಿದ್ದಿರಬಹುದು. ಕರಗಿಸಿದ್ದಕ್ಕೆ ಸಮನಾಗಿ ಮತ್ತೆ ಡಾಲರ್ ಅಚ್ಚುಹಾಕಬೇಕೆಂದು ಅದೇ ಕಾಯಿದೆ ವಿಧಿಸಿದ್ದರಿಂದ, 1921ರಲ್ಲಿ ಫಿಲಡೆಲ್ಫಿಯಾವೊಂದೇ 4 ಕೋಟಿ 46 ಲಕ್ಷಕ್ಕೂ ಹೆಚ್ಚು ಮಾರ್ಗನ್ ಡಾಲರುಗಳನ್ನು ಹೊರತಂದಿತು. 1921ರ ಮಾರ್ಗನ್ ಇಷ್ಟೊಂದು ಅಗ್ಗವಾಗಿರುವುದಕ್ಕೆ ಇದೇ ಕಾರಣ.

ಕರಗಿದ ನಾಣ್ಯಗಳ ಇಸವಿಗಳನ್ನು ಯಾರೂ ಬರೆದಿಡಲಿಲ್ಲ. ಉಳಿದವು ದಶಕಗಳ ಕಾಲ ಖಜಾನೆಯ ಚೀಲಗಳಲ್ಲಿ ಕುಳಿತಿದ್ದವು. 1903ರ ನ್ಯೂ ಆರ್ಲಿಯನ್ಸ್ ಡಾಲರ್ ಬಹಳ ಅಪರೂಪವೆಂದು ಸಾವಿರಕ್ಕೂ ಹೆಚ್ಚು ಡಾಲರ್ ಬಾಳುತ್ತಿತ್ತು. 1962ರ ಕೊನೆಯಲ್ಲಿ ಖಜಾನೆಯಿಂದ ಅದರ ಮೂಟೆಗಳೇ ಹೊರಬಿದ್ದಾಗ ಬೆಲೆ ಒಮ್ಮೆಲೇ ಕುಸಿಯಿತು. ಕಾರ್ಸನ್ ಸಿಟಿಯ ಎರಡು ನಾಣ್ಯಗಳನ್ನು ಹೋಲಿಸಿ ನೋಡಿ. 1884ರಲ್ಲಿ ಅಚ್ಚಾದ 11 ಲಕ್ಷ ಚಿಲ್ಲರೆಯಲ್ಲಿ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಖಜಾನೆಯಲ್ಲೇ ಉಳಿದಿದ್ದು, 1970ರ ದಶಕದಲ್ಲಿ ಸರ್ಕಾರವೇ ಅವನ್ನು ಹೊಸದರಂತೆ ಮಾರಿತು. 1889ರಲ್ಲಿ ಅಚ್ಚಾದ 3,50,000 ಮಾತ್ರ ಬಹುತೇಕ ಚಲಾವಣೆಗೋ ಕುಲುಮೆಗೋ ಹೋಗಿದ್ದವು. ಹಾಗಾಗಿ ಸಂಖ್ಯೆಯಲ್ಲಿ ಮೂರು ಪಟ್ಟಿನ ಅಂತರವಿರುವ ಈ ಎರಡರ ನಡುವೆ, ಹೊಸ ಸ್ಥಿತಿಯಲ್ಲಿ ಬೆಲೆಯ ಅಂತರ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಐದನೆಯ ಹೆಜ್ಜೆ: ಸ್ಥಿತಿಯನ್ನು ಓದುವುದು

ಇಲ್ಲಿ ತಾಳ್ಮೆ ಬೇಕು. ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. ವಿಲಿಯಂ ಶೆಲ್ಡನ್ 1949ರಲ್ಲಿ ತಾಮ್ರದ ದೊಡ್ಡ ಸೆಂಟುಗಳಿಗಾಗಿ ರೂಪಿಸಿದ ಈ ಅಳತೆ ಈಗ ಎಲ್ಲ ನಾಣ್ಯಗಳಿಗೂ ಅನ್ವಯಿಸುತ್ತದೆ. 60ರಿಂದ ಮೇಲಿನದಕ್ಕೆ ಎಂಎಸ್ ಎಂಬ ಅಕ್ಷರ ಸೇರಿಸುತ್ತಾರೆ, ಚಲಾವಣೆಯಲ್ಲಿ ಸವೆಯದ ನಾಣ್ಯವೆಂದು ಅದರ ಅರ್ಥ. 50ರಿಂದ 58ರವರೆಗಿನದಕ್ಕೆ ಎಯು. ಉಬ್ಬಿದ ಜಾಗಗಳಲ್ಲಷ್ಟೇ ಸವೆತ ತಗುಲಿದ ನಾಣ್ಯಗಳು ಅವು.

ಕೋಣೆಯ ದೀಪಗಳನ್ನು ಆರಿಸಿ ಒಂದೇ ಒಂದು ಬಲ್ಬಿನ ಮೇಜುದೀಪ ಹಚ್ಚಿ. ಮಾರ್ಗನ್ ಡಾಲರನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅಂಚಿನಲ್ಲಿ ಹಿಡಿದು, ಬೆಳಕಿನಡಿಯಲ್ಲಿ ನಿಧಾನವಾಗಿ ವಾಲಿಸುತ್ತಾ ಸುತ್ತಿಸಿ. ಸವೆಯದ ನಾಣ್ಯವಾದರೆ ಬೆಳಕಿನ ಎರಡು ಪಟ್ಟಿಗಳು ರಥದ ಗಾಲಿಯ ಅರಗಳಂತೆ ನಡುವಿನಿಂದ ಅಂಚಿನವರೆಗೆ ತಡೆಯಿಲ್ಲದೆ ತಿರುಗುತ್ತವೆ. ಮುಂಬದಿಯಲ್ಲಿ ಲಿಬರ್ಟಿ ಎಂಬ ಸ್ವಾತಂತ್ರ್ಯದೇವಿಯ ಕಿವಿಯ ಮೇಲಿನ ಕೂದಲು ಮತ್ತು ಕೆನ್ನೆ, ಹಿಂಬದಿಯಲ್ಲಿ ಹದ್ದಿನ ಎದೆ, ಈ ಮೂರು ಜಾಗಗಳಲ್ಲಿ ಆ ಬೆಳಕು ಮುರಿದು ಬೂದುಬಣ್ಣದ ಮಂಕು ಕಾಣಿಸಿದರೆ ಅದು ಸವೆತ. ನ್ಯೂ ಆರ್ಲಿಯನ್ಸ್‌ನ ಅನೇಕ ನಾಣ್ಯಗಳಲ್ಲಿ ಅಚ್ಚಿನ ಏಟು ಸಾಲದೆ ಕಿವಿಯ ಮೇಲಿನ ಕೂದಲು ಚಪ್ಪಟೆಯಾಗಿರುತ್ತದೆ. ಆದರೆ ಅಲ್ಲಿ ಹೊಳಪು ಹಾಗೇ ಇರುತ್ತದೆ. ಸವೆತಕ್ಕೂ ದುರ್ಬಲ ಅಚ್ಚಿಗೂ ಇರುವ ವ್ಯತ್ಯಾಸವನ್ನು ಚಿತ್ರ ನೋಡಿ ಕಲಿಯಲಾಗದು, ಹೀಗೆ ಕೈಯಲ್ಲಿ ತಿರುಗಿಸಿಯೇ ಕಲಿಯಬೇಕು. ಸ್ಯಾನ್ ಫ್ರಾನ್ಸಿಸ್ಕೊದ 1881ರ ಡಾಲರ್ ಅಗ್ಗಕ್ಕೂ ಸಿಗುತ್ತದೆ, ಅದರ ಅಚ್ಚೂ ಖಡಕ್ಕಾಗಿರುತ್ತದೆ. ಹೋಲಿಕೆಗೆ ಅದೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಬಾರ್ಬರ್ ನಾಣ್ಯಗಳಿಗೆ ಇದಕ್ಕಿಂತ ಸುಲಭದ ಅಳತೆಗೋಲಿದೆ. ತಲೆಯ ಪಟ್ಟಿಯ ಮೇಲಿನ ಲಿಬರ್ಟಿ ಎಂಬ ಪದದ ಅಕ್ಷರಗಳೆಲ್ಲ ಅಳಿಸಿಹೋಗಿದ್ದರೆ ಸ್ಥಿತಿಯ ದರ್ಜೆ ಗುಡ್, ಮೂರು ಅಕ್ಷರಗಳಷ್ಟು ಉಳಿದಿದ್ದರೆ ವೆರಿ ಗುಡ್, ಏಳೂ ಓದಲು ಬಂದರೆ ಫೈನ್.

ಸ್ಥಿತಿ ಬೆಲೆಯನ್ನು ಎಲ್ಲಿಂದೆಲ್ಲಿಗೆ ಒಯ್ಯಬಹುದೆಂಬುದಕ್ಕೆ 1884ರ ಸ್ಯಾನ್ ಫ್ರಾನ್ಸಿಸ್ಕೊ ಡಾಲರ್ ತಕ್ಕ ಸಾಕ್ಷಿ. ಮೂವತ್ತು ಲಕ್ಷಕ್ಕೂ ಹೆಚ್ಚು ಅಚ್ಚಾದ ಈ ನಾಣ್ಯ ಸವೆದ ಸ್ಥಿತಿಯಲ್ಲಿ ಸಾಧಾರಣ ಬೆಲೆಗೆ ಸಿಗುತ್ತದೆ. ಸವೆಯದ್ದು ಎಷ್ಟು ವಿರಳವೆಂದರೆ, ಎಯು ಮತ್ತು ಎಂಎಸ್ ನಡುವಿನ ಕೂದಲೆಳೆಯ ಅಂತರಕ್ಕೆ ಸಾವಿರಾರು ಡಾಲರ್ ಕೈಬದಲಾಗುತ್ತದೆ. ಅನುಭವವಿಲ್ಲದವರು ಇಂತಹ ನಾಣ್ಯವನ್ನು ಬರಿಗಣ್ಣಿನ ಭರವಸೆಯ ಮೇಲೆ ಕೊಳ್ಳಲೇಬಾರದು.

ತೊಳೆಯುವುದು ಬೇಡ

ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ಹುಣಸೆಹಣ್ಣು ಅಥವಾ ವಿಭೂತಿ ಹಚ್ಚಿ ಉಜ್ಜುವುದು ರೂಢಿ. ಪೂಜೆಯ ಪಾತ್ರೆಗೆ ಅದು ಸರಿ, ನಾಣ್ಯಕ್ಕೆ ಮಾರಕ. ನಾನು ಮೊದಲು ಕೊಂಡ 1921ರ ಮಾರ್ಗನ್ ಡಾಲರಿಗೆ ಅಂಚಿನ ಸುತ್ತ ನೀಲಿ ಮತ್ತು ಜೇನುಬಣ್ಣದ ಛಾಯೆ ಕೂತಿತ್ತು. ಆ ವರ್ಷ ದೀಪಾವಳಿಗೆ ನಮ್ಮಲ್ಲಿಗೆ ಬಂದಿದ್ದ ಅಮ್ಮ, ಲಕ್ಷ್ಮೀಪೂಜೆಗೆ ಇಡುವ ನಾಣ್ಯ ಕಪ್ಪಾಗಿರಬಾರದೆಂದು ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಲಕಲಕ ಹೊಳೆಯುವಂತೆ ಮಾಡಿ, ‘ನೋಡು, ಈಗ ಹೊಸದರ ಹಾಗಿದೆ’ ಎಂದು ಸಂತೋಷದಿಂದ ನನ್ನ ಕೈಗಿಟ್ಟರು. ದೀಪದಡಿಯಲ್ಲಿ ತಿರುಗಿಸಿದಾಗ ಗಾಲಿಯ ಅರಗಳು ಮಾಯವಾಗಿದ್ದವು. ಅವುಗಳ ಬದಲು ಕೆನ್ನೆಯ ಮೇಲೆ ಒಂದೇ ದಿಕ್ಕಿನಲ್ಲಿ ಎಳೆದ ನೂರಾರು ಕೂದಲುಗೆರೆಗಳು. ಆ ಹೊಳಪು ಲೋಹದ ಮೇಲ್ಮೈಯ ಅತಿ ತೆಳುವಾದ ಹರಿವಿನಿಂದ ಹುಟ್ಟುವಂಥದ್ದು, ಒಮ್ಮೆ ಉಜ್ಜಿದರೆ ಯಾವ ಕುಶಲಕರ್ಮಿಯೂ ಅದನ್ನು ಮರಳಿ ತರಲಾರ. ಅದು ಅಗ್ಗದ ಇಸವಿಯಾಗಿದ್ದದ್ದು ನನ್ನ ಪುಣ್ಯ.

ಪ್ಲಾಸ್ಟಿಕ್ ಚೀಲದಿಂದ ಅಂಟಿದ ಹಸಿರು ಜಿಡ್ಡಿದ್ದರೆ ಮಾತ್ರ ಅಪ್ಪಟ ಅಸಿಟೋನಿನಲ್ಲಿ ಅದ್ದಿ, ಉಜ್ಜದೆ, ಒರೆಸದೆ ತಾನಾಗಿ ಒಣಗಲು ಬಿಡಬಹುದು. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿದ್ದು ಇದನ್ನು ಮಾಡಬೇಕು.

ಆರನೆಯ ಹೆಜ್ಜೆ: ಅಸಲಿಯೋ ನಕಲಿಯೋ

ಚಿನಿವಾರರ ಹತ್ತಿರ ಒಯ್ದರೆ ಅವರು ಅಭ್ಯಾಸಬಲದಿಂದ ಒರೆಗಲ್ಲಿಗೆ ಉಜ್ಜಿಯಾರು, ಅಂಚಿನಲ್ಲಿ ಕಚ್ಚು ಹಾಕಿಯಾರು, ಎರಡಕ್ಕೂ ಬಿಡಬೇಡಿ. ನೂರರಲ್ಲೊಂದು ಗ್ರಾಮಿನವರೆಗೆ ತೋರಿಸುವ ಪುಟ್ಟ ತಕ್ಕಡಿ, ಅಳತೆಯ ಕ್ಯಾಲಿಪರ್ ಮತ್ತು ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಮನೆಯಲ್ಲೇ ಬಹುಪಾಲು ನಕಲಿಗಳನ್ನು ಹಿಡಿಯಬಹುದು. ಮಾರ್ಗನ್ ಡಾಲರಿನ ವ್ಯಾಸ 38.1 ಮಿಲಿಮೀಟರ್. ತೂಕ ಹೊಸ ನಾಣ್ಯದಲ್ಲಿ 26.73 ಗ್ರಾಮಿಗಿಂತ ಹತ್ತರಲ್ಲೊಂದು ಗ್ರಾಂ ಮಾತ್ರ ಆಚೀಚೆಯಾಗಬಹುದು. ಸವೆದದ್ದು ಕಡಿಮೆ ತೂಗೀತು, ಆದರೆ ಹೆಚ್ಚು ತೂಗಿದರೆ ಅನುಮಾನಿಸಲೇಬೇಕು.

ತೂಕ ಸರಿಯಿದ್ದರೆ ಸಾಂದ್ರತೆ ನೋಡಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದು, ನಾಣ್ಯವನ್ನು ತೆಳುವಾದ ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಉತ್ತರ 10.3ರ ಆಸುಪಾಸು ಬರಬೇಕು. ಹೊಸ ಡಾಲರಾದರೆ ತಕ್ಕಡಿ ಸುಮಾರು 2.58 ತೋರಿಸುತ್ತದೆ. ತಾಮ್ರ ಅಥವಾ ಹಿತ್ತಾಳೆಗೆ ಬೆಳ್ಳಿ ಲೇಪಿಸಿದ್ದಾದರೆ ಉತ್ತರ 9ಕ್ಕಿಂತ ಕೆಳಗಿಳಿಯುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ನಕಲಿಯೆಂಬುದು ಖಚಿತ, ಅಂಟದಿದ್ದ ಮಾತ್ರಕ್ಕೆ ಅಸಲಿಯಲ್ಲ.

ಇನ್ನೊಂದು ಪರೀಕ್ಷೆಗೆ ಯಾವ ಸಾಧನವೂ ಬೇಡ. ನಮ್ಮ ರೂಪಾಯಿಯನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ಹಿಂಬದಿ ನೆಟ್ಟಗಿರುತ್ತದೆ. ಅಮೆರಿಕದ ನಾಣ್ಯವನ್ನು ಮೇಲಿನಿಂದ ಕೆಳಕ್ಕೆ ಮಗುಚಬೇಕು, ಆಗ ಹದ್ದು ನೆಟ್ಟಗೆ ನಿಲ್ಲುತ್ತದೆ. ಅಗ್ಗದ ನಕಲಿ ಮಾಡುವವರಲ್ಲಿ ಹಲವರು ಇಲ್ಲೇ ಎಡವುತ್ತಾರೆ. ಏಷ್ಯಾದ ಪ್ರವಾಸಿ ತಾಣಗಳ ಬೀದಿಬದಿಯಲ್ಲಿ ಮಾರುವ ‘ಟ್ರೇಡ್ ಡಾಲರ್’ಗಳನ್ನಂತೂ ಮುಟ್ಟದಿರುವುದೇ ಕ್ಷೇಮ. ಚೀನಾದ ವ್ಯಾಪಾರಕ್ಕೆಂದು 1873ರಿಂದ ಅಚ್ಚುಹಾಕಿದ ಆ ನಾಣ್ಯದ ಅಸಲಿ ತೂಕ 27.22 ಗ್ರಾಂ, ನಕಲಿಗಳಲ್ಲಿ ಬಹಳಷ್ಟು ಅದಕ್ಕಿಂತ ಹಗುರ.

ಸಾಮಾನ್ಯ ನಾಣ್ಯಕ್ಕೆ ಅಕ್ಷರ ಅಂಟಿಸಿ ಅಪರೂಪದ್ದಾಗಿ ಮಾಡುವುದು ಇನ್ನೂ ಚತುರ ಮೋಸ, ಏಕೆಂದರೆ ಅಲ್ಲಿ ಬೆಳ್ಳಿ, ತೂಕ ಎಲ್ಲವೂ ಸರಿಯೇ ಇರುತ್ತದೆ. ಒಂದು ಲಕ್ಷ ಮಾತ್ರ ಅಚ್ಚಾದ 1893ರ ಎಸ್ ಗುರುತಿನ ಡಾಲರ್ ಇದಕ್ಕೆ ಹೆಚ್ಚು ಬಲಿ. ಅಸಲಿ ನಾಣ್ಯಗಳ ಮುಂಬದಿಯಲ್ಲಿ ಲಿಬರ್ಟಿ ಪದದ ಟಿ ಅಕ್ಷರದ ಮೇಲ್ಭಾಗದಲ್ಲಿ ಅಚ್ಚಿನ ಗೀರಿನಿಂದಾದ ಓರೆಯಾದ ಸಣ್ಣ ಉಬ್ಬುಗೆರೆಯಿದೆ. ಅದು ಇಲ್ಲವೆಂದರೆ ಮಾತು ಮುಂದುವರಿಸಬೇಡಿ.

ಏಳನೆಯ ಹೆಜ್ಜೆ: ಕೊಳ್ಳುವುದು ಮತ್ತು ಕಾಪಾಡುವುದು

ಅಮೆರಿಕದಲ್ಲಿರುವ ಕನ್ನಡಿಗರಿಗೆ ಕಡಿಮೆ ಖರ್ಚಿನ ಆರಂಭವೆಂದರೆ ಬ್ಯಾಂಕು. ಅರ್ಧ ಡಾಲರಿನ ಸುರುಳಿ ಕೇಳಿ ಪಡೆಯಿರಿ. ಹತ್ತು ಡಾಲರಿಗೆ ಇಪ್ಪತ್ತು ನಾಣ್ಯ. ಅಂಚು ನೋಡಿ ಬೆಳ್ಳಿಯವನ್ನು ಆರಿಸಿ, ಉಳಿದವನ್ನು ಮರಳಿಸಿದರೆ ನಷ್ಟವಿಲ್ಲ, ಸಿಕ್ಕರೆ ಲಾಭ. ನಂತರ ಊರಿನ ನಾಣ್ಯಮೇಳಗಳಿಗೆ ಹೋಗಿ, ಮೊದಲ ಎರಡು ಸಲ ಏನನ್ನೂ ಕೊಳ್ಳದೆ ನೋಡಿ ಬನ್ನಿ.

ನೂರಾರು ಡಾಲರ್ ಬಾಳುವ ನಾಣ್ಯವನ್ನು ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆಗಳು ಪರೀಕ್ಷಿಸಿ ಮೊಹರು ಮಾಡಿದ ಪ್ಲಾಸ್ಟಿಕ್ ಕವಚದಲ್ಲೇ ಕೊಳ್ಳುವುದು ಲೇಸು. ಇವು 1986 ಮತ್ತು 1987ರಲ್ಲಿ ಆರಂಭವಾದವು, ವ್ಯಾಪಾರಿಗಳು ಹೆಚ್ಚು ನಂಬುವುದೂ ಇವನ್ನೇ. ಆದರೆ ಕವಚಗಳನ್ನೂ ನಕಲು ಮಾಡುತ್ತಾರೆ. ಮೇಲಿನ ಸಂಖ್ಯೆಯನ್ನು ಆಯಾ ಸಂಸ್ಥೆಯ ತಾಣದಲ್ಲಿ ಹುಡುಕಿ, ಅಲ್ಲಿ ಚಿತ್ರವಿದ್ದರೆ ಗೀರು, ಕಲೆಗಳನ್ನು ಒಂದೊಂದಾಗಿ ತಾಳೆ ನೋಡಿ. ಒಬ್ಬ ಮಾರಾಟಗಾರ ‘ಎಂಎಸ್-65’ ಎಂದು ಕೈಬರಹದಲ್ಲಿ ಬರೆದ ರಟ್ಟಿನ ಚೌಕಟ್ಟಿನ ನಾಣ್ಯವನ್ನು ನನಗೆ ಮಾರಿದ್ದ. ಪರೀಕ್ಷೆಗೆ ಕಳಿಸಿದಾಗ ಬಂದ ಅಂಕ 58. ಆತ ಬರೆದದ್ದು ಆತನ ಅಭಿಪ್ರಾಯ, ನಾನು ಅದಕ್ಕೆ ದುಡ್ಡು ಕೊಟ್ಟೆ.

ಕಾಪಾಡಲು ಪಿವಿಸಿ ಇಲ್ಲದ ಮೈಲಾರ್ ಹಾಳೆ ಅಥವಾ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಬಳಸಿ. ರಬ್ಬರ್‌ಬ್ಯಾಂಡು ಮತ್ತು ಅಗ್ಗದ ರಟ್ಟಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕರಾವಳಿ, ಮಲೆನಾಡಿನಲ್ಲಿರುವವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಅದನ್ನು ಬದಲಾಯಿಸುತ್ತಿರಬೇಕು.

ಎಂಟನೆಯ ಹೆಜ್ಜೆ: ಬೆಲೆ ಕಟ್ಟಿ ಮಾರುವುದು

ಮೊದಲು ಬರೆದಿಟ್ಟ ಚೀಟಿಯನ್ನು ಈಗ ತೆಗೆಯಿರಿ. ಅದರಲ್ಲಿರುವುದು ಲೋಹದ ಬೆಲೆ. ಅದರ ಪಕ್ಕದಲ್ಲಿ ಅದೇ ಇಸವಿ, ಅದೇ ಟಂಕಸಾಲೆ, ಅದೇ ಅಂಕದ ನಾಣ್ಯಕ್ಕೆ ಇತ್ತೀಚಿನ ಹರಾಜುಗಳಲ್ಲಿ ನಿಜವಾಗಿ ಸಂದ ಮೂರು ನಾಲ್ಕು ಬೆಲೆಗಳನ್ನು ಬರೆಯಿರಿ. ಮಾರಾಟಗಾರರು ಕೇಳುವ ಬೆಲೆ ಲೆಕ್ಕಕ್ಕಿಲ್ಲ. ದೊಡ್ಡ ಹರಾಜು ಮನೆಗಳು ಖರೀದಿದಾರರಿಂದ ಶೇಕಡಾ 20ರ ಆಸುಪಾಸು ಹೆಚ್ಚುವರಿ ಪಡೆಯುತ್ತವೆ, ಪ್ರಕಟವಾದ ಬೆಲೆಯಲ್ಲಿ ಅದು ಸೇರಿರುತ್ತದೆ. ಮಾರುವವರ ಕೈಗೆ ಬರುವುದು ಅದಕ್ಕಿಂತ ಕಡಿಮೆ. ಎರಡು ಅಂಕಿಗಳ ನಡುವೆ ಅಂತರ ಅಲ್ಪವಾಗಿದ್ದರೆ ಅದು ಬೆಳ್ಳಿಯೆಂದೇ ತಿಳಿದು ದರ ಏರಿದಾಗ ಮಾರಬಹುದು. ಅಂತರ ದೊಡ್ಡದಾಗಿದ್ದರೆ ಅವಸರ ಮಾಡದೆ ಇಬ್ಬರು ಮೂವರು ವ್ಯಾಪಾರಿಗಳಿಗೆ ತೋರಿಸಿ.

ಭಾರತದಲ್ಲಿರುವವರು ಕಾನೂನಿನ ಕಡೆಗೂ ಗಮನ ಕೊಡಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ ನೂರು ವರ್ಷ ದಾಟಿದ ನಾಣ್ಯವನ್ನೂ ಪ್ರಾಚ್ಯವಸ್ತುವಿನ ವ್ಯಾಖ್ಯೆಯಲ್ಲಿ ಸೇರಿಸುತ್ತದೆ, ಖಾಸಗಿ ವ್ಯಕ್ತಿಗಳು ಅಂಥದ್ದನ್ನು ದೇಶದಿಂದ ಹೊರಗೆ ಕಳಿಸುವುದನ್ನು ನಿರ್ಬಂಧಿಸುತ್ತದೆ. ಹಾಗಾಗಿ ಹಳೆಯ ಮಾರ್ಗನ್ ಡಾಲರನ್ನು ಪರೀಕ್ಷೆಗೆಂದು ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸುವ ಮುನ್ನ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಹೊರಗಿನಿಂದ ತರುವಾಗ ಕಸ್ಟಮ್ಸ್‌ನಲ್ಲಿ ಘೋಷಿಸಿ, ರಸೀದಿಯನ್ನು ಜೋಪಾನ ಮಾಡಿ.

ಪ್ರತಿ ನಾಣ್ಯದ ಜೊತೆಗೂ ಒಂದು ಚೀಟಿ ಇರಲಿ: ಇಸವಿ, ಗುರುತು, ಕೊಂಡ ದಿನ, ಕೊಟ್ಟ ಬೆಲೆ, ಸ್ಥಿತಿ. ನಾವಿಲ್ಲದಾಗ ಡಬ್ಬಿ ತೆರೆಯುವ ಮಕ್ಕಳು ಎಲ್ಲವನ್ನೂ ತೂಕಕ್ಕೆ ಹಾಕಿಬಿಡದಿರಲು ಅದೊಂದೇ ದಾರಿ. ನನ್ನ 1921ರ ಡಾಲರಿನ ಚೀಟಿಯಲ್ಲಿ ಹೀಗಿದೆ: ‘ಫಿಲಡೆಲ್ಫಿಯಾ. ಅಮ್ಮ ಹುಣಸೆಹಣ್ಣಿನಲ್ಲಿ ತೊಳೆದದ್ದು. ಬೆಳ್ಳಿಯ ಬೆಲೆ ಮಾತ್ರ. ಮಾರುವುದಕ್ಕಲ್ಲ.’